ಚಾಸಿ ಗೌಸ್ ಪೀರ್ ಸಾಬರು

ಹಳೇ ಪಿಕಪ್ ಗಾಡಿಯ ಚಾಸಿಗೆ, ಅಂದರೆ ಭಾರವೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹಿಡಿದಿದೆಯೇ? ಮೈಸೂರು, ಬೆಂಗಳೂರು ಅಂತ ಅಲೆಯಬೇಡಿ. ನಮ್ಮ ಮದ್ದೂರಿನಲ್ಲಿ ವೆಲ್ಡಿಂಗ್ ಅಂಗಡಿಯ ಗೌಸ್ ಪೀರ್ ಸಾಬರಿದ್ದಾರೆ. ಅವರು ಗಾಡಿಯ ಮೇಲಿನ ಹೊಳಪು ನೋಡಿ ಮರುಳಾಗುವವರಲ್ಲ. ಗೋಣಿಚೀಲ ಹಾಸಿ ಅಡಿಗೆ ನುಸುಳಿ, ಗೇಣಿಗೊಂದು ಏಟಿನಂತೆ ಚಾಸಿಗೆ ಸುತ್ತಿಗೆಯಲ್ಲಿ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಾರೆ. ಠಣ್ ಎಂದರೆ ತಲೆದೂಗುತ್ತಾರೆ. ಬೊದ್ ಎಂದರೆ ಗಾಡಿಯವನಿಗೆ ಬೈಗುಳ ಶುರು. ತುಕ್ಕು ನೋಡಿಯೇ ಇದು ಮೀನು ಹೊತ್ತ ಗಾಡಿ, ಇದು ಬೆಲ್ಲ ಹೊತ್ತ ಗಾಡಿ ಎಂದು ಜಾತಕ ಹೇಳಿಬಿಡುತ್ತಾರೆ. ಬೆಳಕವಾಡಿಯ ಕರಿಸಿದ್ದಯ್ಯ ಒಮ್ಮೆ, “ಮ್ಯಾಲೊಂದು ಕೈ ಬಣ್ಣ ಬಳ್ದುಬುಡಿ ಸಾಬ್ರೆ, ಯಾರು ಬಗ್ಗಿ ನೋಡ್ತಾರೆ?” ಅಂದದ್ದಕ್ಕೆ, “ಬಣ್ಣನ ನಿಮ್ಮನೆ ಗೋಡೆಗೆ ಬಳ್ಕೊ ಓಗಣ್ಣ!” ಎಂದು ಸಾಬರು ಗಾಡಿಯ ಕೀಲಿಕೈಯನ್ನು ಅವರ ಕೈಗೇ ತುರುಕಿದ್ದರು. ಮರುದಿನ ಕರಿಸಿದ್ದಯ್ಯನೇ ಗಾಡಿ ಸಮೇತ ವಾಪಸು ಬಂದರು. ಕೊಳೆತ ಕಬ್ಬಿಣವನ್ನು ಗಟ್ಟಿ ಸಿಗುವ ತನಕ ಕತ್ತರಿಸಿ ಎಸೆದು, ದಪ್ಪ ಪಟ್ಟಿ ಬೆಸೆಯಲು ಸಾಬರಿಗೆ ವಾರ ಬೇಕು. ಅವಸರ ಮಾಡಿದರೆ ಇನ್ನೊಂದು ವಾರ. ಕೆಲಸ ಮುಗಿದ ಮೇಲೆ ಅವರದೊಂದು ಪದ್ಧತಿಯಿದೆ. ಗಾಡಿ ತುಂಬ ಎಳನೀರು ಹೇರಿಸಿ, ಅದರ ಮೇಲೆ ನಾಲ್ಕು ಜನರನ್ನು ಹತ್ತಿಸಿ, ಕುಣಿಯಿರಿ ಎಂದು ಹೇಳಿ, ತಾವು ಹೋಗಿ ಬೆಸೆದ ಜಾಗದ ಕೆಳಗೇ ಅಂಗಾತ ಮಲಗುತ್ತಾರೆ. “ಮುರಿದುಬಿದ್ದರೆ ಸಾಬರೇ?” ಎಂದು ನಾನೊಮ್ಮೆ ಬಗ್ಗಿ ಕೇಳಿದೆ. ಅಡಿಯಿಂದಲೇ ಉತ್ತರ ಬಂತು: “ಮುರ್ಯೋದಾದ್ರೆ ಇಲ್ಲೇ, ನನ್ ಮ್ಯಾಲೇ ಮುರೀಲಿ ಸ್ವಾಮಿ. ಸಿಂಸಾ ಒಳೆ ಸೇತ್ವೆ ಮ್ಯಾಲೆ, ಗಾಡಿ ತುಂಬ ಕೂಲಿ ಎಣ್ಮಕ್ಳು ಕೂತಿರೋವಾಗ ಬ್ಯಾಡ.”