ಐದು ಎಣಿಸಿ ಕಾಯುವವನು

ನನ್ನ ತಮ್ಮನಿಗೆ ಮಾತು ಕಲಿಸಲು ಹೊರಟವಳು ನಾನು. ಎಂಥ ಧೈರ್ಯ ನೋಡಿ, ನನ್ನ ಬಾಯಿಗೆ ಹೆದರಿ ನೆಂಟರೇ ದೂರ ಇರುತ್ತಾರೆ.

ಅವನಿಗೆ ಮೂವತ್ತಮೂರು. ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದು ಎರಡು ವರ್ಷದ ಹಿಂದೆ. ಅಲ್ಲಿಯವರೆಗೆ ಎಲ್ಲರೂ ಸೊಕ್ಕಿನವ ಅನ್ನುತ್ತಿದ್ದರು. ಸಿಟ್ಟು ಬಂದಾಗ ನಾನೂ ಅಂದಿದ್ದೇನೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಒಬ್ಬನೇ ಕೂತು ಫ್ರೇಮಿಗೆ ಲೆನ್ಸು ಕೂರಿಸಿದ. ಈಗ ಕನ್ನಡಕಗಳೆಲ್ಲ ಹೊರಗಿನಿಂದ ಸಿದ್ಧವಾಗಿಯೇ ಬರುತ್ತವೆ, ಅವನ ಕೆಲಸ ಇಲ್ಲವಾಯಿತು. “ಒಂದು ತಿಂಗಳು ಕೌಂಟರ್‌ನಲ್ಲಿ ನೋಡ್ತೀನಮ್ಮ. ಗಿರಾಕಿಗಳ ಜೊತೆ ಹೊಂದ್ಕೊಂಡ್ರೆ ಸರಿ, ಇಲ್ಲಾಂದ್ರೆ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ” ಎಂದು ಮಾಲೀಕರು ನನ್ನನ್ನು ಕರೆಸಿ ಹೇಳಿದರು.

ಮೊದಲ ದಿನವೇ ಒಬ್ಬಾಕೆಗೆ “ಈ ಫ್ರೇಮು ನಿಮ್ಮ ಮುಖಕ್ಕೆ ಒಪ್ಪಲ್ಲ” ಎಂದ. ಆಕೆ ಎದ್ದು ಹೋದಳು. ನಾನು ತಲೆ ಚಚ್ಚಿಕೊಂಡು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟೆ: ಕಣ್ಣು ನೋಡಿ ಮಾತಾಡು. ಹೇಗಿದ್ದೀರಿ ಎಂದು ಕೇಳು. ಅವರು ಏನೇ ಹೇಳಲಿ, ಮನಸ್ಸಿನಲ್ಲಿ ಐದು ಎಣಿಸಿ ಆಮೇಲೆ ಬಾಯಿ ಬಿಡು.

“ಕಣ್ಣು ನೋಡಿದ್ರೆ ಮಾತು ಕಿವಿಗೆ ಹೋಗಲ್ಲಕ್ಕ. ಮೂಗಿನ ಮೇಲೆ ಫ್ರೇಮು ಕೂರೋ ಜಾಗ ನೋಡ್ತೀನಿ” ಎಂದ. ಗಿರಾಕಿಗಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ತಿಂಗಳ ಕೊನೆಯ ದಿನ ಒಬ್ಬ ನಿವೃತ್ತ ಮೇಷ್ಟ್ರು ಸೊಟ್ಟಗಾದ ಕನ್ನಡಕ ತಂದರಂತೆ. ಇವನು ಹೇಗಿದ್ದೀರಿ ಎಂದ. “ಚೆನ್ನಾಗಿದ್ದೀನಪ್ಪ” ಎಂದರು. ನಾವಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇವನು ಐದು ಎಣಿಸುತ್ತ ನಿಂತ. ಅಷ್ಟರಲ್ಲಿ ಮೇಷ್ಟ್ರು, “ಹೋದ ವಾರ ನಮ್ಮನೆಯವಳು ತೀರ್ಕೊಂಡ್ಲು” ಎಂದರು. ರಟ್ಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ಏನು ಹೇಳ್ಬೇಕೋ ನಂಗೆ ಗೊತ್ತಿಲ್ಲ ಸಾರ್. ಕೂತ್ಕೊಳ್ಳಿ” ಎಂದವನೇ ಕನ್ನಡಕ ನೆಟ್ಟಗೆ ಮಾಡಿ, ಒರೆಸುತ್ತ ಕೂತ. ಮೇಷ್ಟ್ರು ಅರ್ಧ ಗಂಟೆ ಹೆಂಡತಿಯ ಬಗ್ಗೆಯೇ ಮಾತಾಡಿದರು. ಮಾಲೀಕರು ಎಲ್ಲ ನೋಡುತ್ತಿದ್ದರು. ಸಂಜೆ ಕೌಂಟರಿನ ಬೀಗದ ಕೈ ಇವನ ಮುಂದಿಟ್ಟು, “ಇನ್ನು ಇಲ್ಲೇ ಇರು” ಎಂದರಂತೆ.

ಮನೆಗೆ ಬಂದು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಪಾತ್ರೆ ತೊಳೆಯುತ್ತಿದ್ದ ನಾನು ಖುಷಿಗೆ ಒಂದೇ ತಟ್ಟೆಯನ್ನು ಎರಡು ಸಲ ತೊಳೆದೆ.

“ಅಕ್ಕ, ನೀನು ಹೇಗಿದ್ದೀಯ?”

“ನಂಗೇನು ಧಾಡಿ? ಚೆನ್ನಾಗಿದ್ದೀನಿ.”

ಅವನು ಕದಲಲಿಲ್ಲ. ಕನ್ನಡಕ ಕೂತಿದ್ದ ನನ್ನ ಮೂಗನ್ನೇ ನೋಡುತ್ತ ನಿಂತ. ಮೂರೋ ನಾಲ್ಕೋ ಎಣಿಸಿರಬೇಕು.

“ಸುಸ್ತಾಗಿದೆ ಕಣೋ” ಎಂದೆ. “ಅಮ್ಮ ಹೋದಾಗಿಂದ ಸುಸ್ತಾಗಿದೆ.”

ಅಮ್ಮ ಹೋಗಿ ಆರು ವರ್ಷ. ಯಾರ ಹತ್ತಿರವೂ ಇದನ್ನು ಹೇಳಿರಲಿಲ್ಲ. ಹೇಳಿ ಅತ್ತುಬಿಟ್ಟೆ.

ತಮ್ಮ ಸ್ಟೂಲು ಎಳೆದು ನನ್ನನ್ನು ಕೂರಿಸಿದ. ನನ್ನ ಕನ್ನಡಕ ತೆಗೆದುಕೊಂಡು, ಜೇಬಿನಿಂದ ಬಟ್ಟೆ ತೆಗೆದು ಒರೆಸತೊಡಗಿದ.