ಮಾರ್ಜಾಲದ ಮಾರ್ಜಿನ್

ವಕೀಲಮ್ಮನ ಸೊಂಟಕ್ಕೆ ಟೇಪು ಸುತ್ತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಾಗ ನಮ್ಮ ಬೀದಿಯ ಟೈಲರ್ ಮಾಸ್ಟರ್ ಬಾಯಿಂದ ಒಂದು ಮಾತು ಜಾರಿತು.

"ಬಂದ್ಯಾ ಡುಮ್ಮಿ? ದಿನದಿನಕ್ಕೂ ಊದ್ಕೋತಾ ಇದೀಯಲ್ಲೇ!"

ಅವರು ಹೇಳಿದ್ದು ಪಕ್ಕದ ಮನೆಯ ಬೆಕ್ಕಿಗೆ. ಅದು ಆಗತಾನೆ ಬಾಗಿಲಲ್ಲಿ ತೂರಿ, ಯಾರ ಅಪ್ಪಣೆಗೂ ಕಾಯದೆ ಮೇಜಿನ ಕೆಳಗೆ ಸೇರಿಕೊಂಡಿತ್ತು. ಕನ್ನಡಿಯ ಕಡೆ ಮುಖ ಮಾಡಿದ್ದ ವಕೀಲಮ್ಮನಿಗೆ ಬೆಕ್ಕು ಕಾಣಲಿಲ್ಲ. ಕಂಡದ್ದು ತಮ್ಮದೇ ಸೊಂಟ, ಅದರ ಸುತ್ತ ಟೇಪು, ಟೇಪಿನ ತುದಿಯಲ್ಲಿ ಮಾಸ್ಟರ್.

"ಏನಂದ್ರಿ?"

"ನಿಮಗಲ್ಲ ಮೇಡಂ, ಬೆಕ್ಕಿಗೆ" ಎಂದಿದ್ದರೆ ಮಾಸ್ಟರ್ ಬಚಾವಾಗುತ್ತಿದ್ದರು. ಅಷ್ಟರಲ್ಲಿ ಬೆಕ್ಕಿನ ಒಡತಿ ಟೀಚರ್, ಅದನ್ನು ಹುಡುಕಿಕೊಂಡು ಬಾಗಿಲಿಗೇ ಬಂದು ನಿಂತರು. ಈಗ ಬೆಕ್ಕಿನ ಹೆಸರೆತ್ತಿದರೆ ಅದು ದಿನಾ ಇಲ್ಲಿಗೆ ಬರುವುದೂ ಹೊರಬೀಳುತ್ತದೆ, ಬಂದು ಏನು ಮಾಡುತ್ತದೆ ಎನ್ನುವುದೂ ಹೊರಬೀಳುತ್ತದೆ. ಮಾಸ್ಟರ್ ಸೂಜಿಗಳ ಜೊತೆ ಸತ್ಯವನ್ನೂ ಹಲ್ಲಲ್ಲೇ ಕಚ್ಚಿ ಹಿಡಿದರು.

"ಟೇಪು ಮೇಡಂ... ಟೇಪು ಊದ್ಕೊಂಡಿದೆ."

"ಕೋರ್ಟಿಗೆ ಹಾಕೋ ಕೋಟು ಇದು. ನಿಮ್ಮ ಹತ್ರ ಕೋಟು ಹೊಲಿಸೋ ಬದಲು ನಿಮ್ಮನ್ನೇ ಕೋರ್ಟಿಗೆ ಎಳೀಬೇಕು!" ಎಂದು ವಕೀಲಮ್ಮ ಬಟ್ಟೆ ಬಾಚಿಕೊಂಡು ಹೊರಟೇಬಿಟ್ಟರು.

ಟೀಚರ್ ಪಾಪ, ಇದರ ತಲೆಬುಡ ತಿಳಿಯದೆ ಕೇಳಿದರು: "ಪುಟ್ಟಿ ಈ ಕಡೆ ಬಂತಾ ಮಾಸ್ಟ್ರೇ?"

"ಇಲ್ವಲ್ಲ ಟೀಚರ್."

ಮೇಜಿನ ಕೆಳಗಿನಿಂದ ಸ್ಟೀಲ್ ಡಬ್ಬಿ ನೆಲಕ್ಕೆ ಉಜ್ಜುವ ಸದ್ದು ಬಂತು. ಮಾಸ್ಟರ್ ಮಷೀನಿನ ಮುಂದೆ ಕೂತು, ಬಟ್ಟೆಯೂ ಇಲ್ಲದೆ ದಾರವೂ ಇಲ್ಲದೆ, ಜೋರಾಗಿ ತುಳಿಯತೊಡಗಿದರು. ಸುಳ್ಳಿಗೆ ತೇಪೆ ಹಾಕುವುದಕ್ಕೆ ಬಟ್ಟೆ ಬೇಡ ನೋಡಿ.

ಮಾಸ್ಟರ್ ಕೆಟ್ಟವರೇನಲ್ಲ. ದರ್ಜಿಗಳಲ್ಲಿ ಮೇಲ್ದರ್ಜೆ. ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆಯೇ ಅವರ ಅಂಗಡಿ. ಕಾಲಲ್ಲಿ ತುಳಿಯುವ ಮಷೀನು, ಇಸ್ತ್ರಿ ಮೇಜು, ಎಷ್ಟು ಬಗ್ಗಿದರೂ ತಲೆ ಕಾಣಿಸದ ಓರೆ ಕನ್ನಡಿ, ಗೋಡೆಯ ಮೇಲೆ ಸಾಲಾಗಿ ನೇತಾಡುವ ಶಾಲೆ ಸಮವಸ್ತ್ರಗಳು. ಅವರದು ಒಂದೇ ಸಿದ್ಧಾಂತ: "ಮಗು ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ. ಒಳಗೆ ಮಾರ್ಜಿನ್ ಬಿಟ್ಟಿರ್ಬೇಕು." ಅಂದರೆ ಮಡಿಕೆಯೊಳಗೆ ಒಂದಿಷ್ಟು ಬಟ್ಟೆ ಉಳಿಸಿ ಹೊಲಿಯುವುದು. ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಅಂಗಿಯೂ ಮಗುವಿನ ಜೊತೆ ಬೆಳೆಯುತ್ತದೆ. ಉದ್ದ ನಿಂತರೂ ಅಗಲ ನಿಲ್ಲದ ನನ್ನಂಥವರಿಗೂ ಅವರು ಧಾರಾಳವಾಗಿ ಬಿಡುತ್ತಿದ್ದರು, ಕೇಳದೆಯೇ.

ಒಂದು ಗೋಡೆ ಆಚೆಗೆ ಟೀಚರ್ ಮನೆ. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದ ಒಬ್ಬಳೇ ವಿದ್ಯಾರ್ಥಿನಿ ಈ ಬೆಕ್ಕು. ಹೆಸರಿಗೆ ಪುಟ್ಟಿ, ನೋಡಿದರೆ ಬುಟ್ಟಿ. "ತೂಕ ಇಳಿಸಿ, ಇಲ್ಲಾಂದ್ರೆ ಇದರ ಹೃದಯ ತಡೆಯಲ್ಲ" ಎಂದು ಪಶುವೈದ್ಯರು ಹೇಳಿದ ದಿನವೇ ಟೀಚರ್ ಬೆಕ್ಕಿಗೆ ಪಥ್ಯ ಶುರುಮಾಡಿ, ಬೀದಿಯ ಮನೆಮನೆಗೂ ಹೋಗಿ ಕೈಮುಗಿದಿದ್ದರು: "ದಯವಿಟ್ಟು ಯಾರೂ ಏನೂ ಹಾಕ್ಬೇಡಿ. ನನಗಿರೋದು ಅದೊಂದೇ." ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವರು ಮಾಸ್ಟರ್.

ಆಡಿಸಿದ ತಲೆ ಮಧ್ಯಾಹ್ನದವರೆಗೆ ಸರಿಯಾಗಿಯೇ ಇರುತ್ತಿತ್ತು. ಬಿ.ಪಿ. ಇದೆ ಎಂದು ಗೊತ್ತಾದಾಗಿನಿಂದ ಅವರಿಗೆ ಊಟ ಮನೆಯಿಂದಲೇ ಬರುತ್ತಿತ್ತು. ಹೆಂಡತಿಯೇ ಬೇಯಿಸಿ, ಡಬ್ಬಿಗೆ ತುಂಬಿ, ಮುಚ್ಚಳ ಗಟ್ಟಿಯಾಗಿ ಒತ್ತಿ ಕಳಿಸುತ್ತಿದ್ದರು. ಮುಚ್ಚಳ ತೆಗೆದ ಸದ್ದಿಗೆ ಪುಟ್ಟಿ ಹಾಜರ್. ಕೂಗುವುದಿಲ್ಲ, ಕಾಲು ಸುತ್ತುವುದಿಲ್ಲ. ಇಸ್ತ್ರಿ ಮಾಡಿಟ್ಟ ಪ್ಯಾಂಟುಗಳ ಮೇಲೆ ಕೂತು ಸುಮ್ಮನೆ ನೋಡುತ್ತದೆ. ಮಾಸ್ಟರ್ ಡಬ್ಬಿಯ ಮೀನನ್ನು ಅದರ ಮುಂದಿಟ್ಟು, ತಾವು ಎದುರಿನ ಬೇಕರಿಗೆ ಹೋಗಿ ಬನ್ ತಿಂದು ಬರುತ್ತಿದ್ದರು. ತನ್ನ ಬಾಯಿಯ ತುತ್ತನ್ನು ಮೂಕಪ್ರಾಣಿಗೆ ಕೊಟ್ಟು ಬನ್ ಅಗಿಯುವ ಆ ಮನುಷ್ಯನನ್ನು ಕಂಡಾಗಲೆಲ್ಲ ನನಗಂತೂ ಕಣ್ಣು ಒದ್ದೆಯಾಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ? ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ತಿನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡವರು ಮಾಸ್ಟರ್.

ಒಂದು ಬೆಳಿಗ್ಗೆ ಟೀಚರ್ ತಮ್ಮ ಉಣ್ಣೆಯ ಕೋಟು ತಂದರು. "ಎರಡೂ ಪಕ್ಕ ಸ್ವಲ್ಪ ಹಿಡಿದು ಹೊಲೀರಿ ಮಾಸ್ಟ್ರೇ. ಜೋಲಾಡ್ತಾ ಇದೆ."

ಮಾಸ್ಟರ್ ಟೇಪು ಹಿಡಿದರು. ಟೇಪು ಸುಳ್ಳು ಹೇಳುವುದಿಲ್ಲ. "ಏನ್ ಟೀಚರ್, ಇಷ್ಟೊಂದು ಸೊರಗಿದ್ದೀರಿ?"

"ಅದರ ತಟ್ಟೆಗೆ ಅರ್ಧ ಹಾಕಿ, ನಾನು ತಟ್ಟೆ ತುಂಬಾ ಹಾಕ್ಕೊಂಡು ಅದರೆದುರಿಗೆ ಹೇಗ್ರೀ ತಿನ್ನಲಿ? ನಾನೂ ಅರ್ಧ ಮಾಡ್ಕೊಂಡೆ. ಆದ್ರೂ ಅದು ಇಳೀತಿಲ್ಲ. ನಾಳೆಯಿಂದ ಇಬ್ರಿಗೂ ಇನ್ನೂ ಕಡಿಮೆ ಮಾಡ್ಬೇಕು."

"ಅಯ್ಯೋ, ಬೇಡ ಟೀಚರ್!"

"ಆ ಬೇಕರಿಯವನೇ ಏನಾದ್ರೂ ಹಾಕ್ತಾ ಇರ್ಬೇಕು. ಅವನ ಹತ್ರ ಬ್ರೆಡ್ ತಗೊಳ್ಳೋದು ಬಿಟ್ಟೆ, ಮಾತೂ ಬಿಟ್ಟೆ. ಎಷ್ಟು ನಯವಾಗಿ ನಗ್ತಾನೆ ನೋಡಿ, ಕಳ್ಳ."

ಅವತ್ತು ಮಾಸ್ಟರ್ ಬೇಕರಿಗೆ ಹೋದರೂ ಬನ್ ಅರ್ಧಕ್ಕೇ ಬಿಟ್ಟರು. ಬೇಕರಿಯವನು ಬೇರೆ ಗೋಳು ತೋಡಿಕೊಂಡ: "ಟೀಚರ್ ಯಾಕೋ ನನ್ನ ಮುಖ ನೋಡಲ್ಲ ಅಣ್ಣಾ. ನಾನೇನ್ ತಪ್ಪು ಮಾಡ್ದೆ?" ಇವರು ನೀರು ಕುಡಿದು ಎದ್ದುಬಂದರು. ಬೆಕ್ಕು ಹಿಗ್ಗುತ್ತಿದೆ, ಟೀಚರ್ ಕುಗ್ಗುತ್ತಿದ್ದಾರೆ, ನಡುವೆ ನಿರಪರಾಧಿಯೊಬ್ಬ ಬೇಯುತ್ತಿದ್ದಾನೆ. ಸೂಜಿಗೂ ಮನಸ್ಸಾಕ್ಷಿಗೂ ಒಂದೇ ಕೆಲಸ, ಚುಚ್ಚುವುದು. ವ್ಯತ್ಯಾಸ ಇಷ್ಟೇ, ಸೂಜಿ ಚುಚ್ಚಿದರೆ ಏನಾದರೂ ಒಂದು ಹೊಲಿದು ಮುಗಿಯುತ್ತದೆ.

ಇನ್ನು ಹಾಕಬಾರದು ಎಂದು ಗಟ್ಟಿ ಮನಸ್ಸು ಮಾಡಿ ಮರುದಿನ ಊಟದ ಹೊತ್ತಿಗೆ ಶಟರ್ ಎಳೆದರು. ಗಾಳಿಗೆಂದು ಕೆಳಗೆ ಸ್ವಲ್ಪ ಸಂದಿ ಬಿಟ್ಟದ್ದೇ ತಪ್ಪಾಯಿತು. ಪುಟ್ಟಿಯ ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. ಅರ್ಧ ಅಂಗಡಿಯಲ್ಲಿ, ಅರ್ಧ ಬೀದಿಯಲ್ಲಿ! ಹೊರಗಿನ ಅರ್ಧ ಟೀಚರ್ ಕಣ್ಣಿಗೆ ಬಿದ್ದರೆ ಒಳಗಿನ ಅರ್ಧಕ್ಕೆ ಉತ್ತರ ಕೊಡುವವರು ಯಾರು? ಮಾಸ್ಟರ್ ಹೌಹಾರಿ ಶಟರ್ ಎತ್ತಿ ಒಳಗೆಳೆದುಕೊಂಡರು. ಪಾಪ, ಹೆದರಿತ್ತು. ಹೆದರಿದ ಪ್ರಾಣಿಗೆ ಏನೂ ಕೊಡದೆ ಕಳಿಸುವುದು ಹೇಗೆ? ಡಬ್ಬಿ ಮತ್ತೆ ಖಾಲಿಯಾಯಿತು.

ಅದೇ ವಾರ ಟೀಚರ್ ಒಂದು ಹೊಸ ಕೆಲಸ ತಂದರು. ಬೆಕ್ಕಿಗೆ ಬಟ್ಟೆಯ ಕೊರಳಪಟ್ಟಿ. ಅದರ ಮೇಲೆ ಕೆಂಪು ದಾರದಲ್ಲಿ 'ನನಗೆ ತಿನ್ನಲು ಕೊಡಬೇಡಿ' ಎಂದು ಹೊಲಿಯಬೇಕು. "ಓದೋಕೆ ಬರೋ ಮನುಷ್ಯರಿಗಾದ್ರೂ ನಾಚಿಕೆಯಾಗ್ಲಿ ಮಾಸ್ಟ್ರೇ. ನಿಮಗಲ್ದೆ ಇನ್ಯಾರಿಗೆ ಕೊಡ್ಲಿ ಈ ಕೆಲಸ?"

ಊರಿಗೆಲ್ಲ ಗುಂಡಿ ಹಾಕಿಕೊಡುವ ಮನುಷ್ಯ ತನ್ನ ಗುಂಡಿಗೆ ತಾನೇ ಬಿದ್ದರು. ಒಂದೊಂದು ಅಕ್ಷರವನ್ನೂ ಕೈಯಲ್ಲೇ ಹೊಲಿದರು. 'ಕೊಡ' ಮುಗಿಸಿ 'ಬೇಡಿ'ಗೆ ಬಂದಾಗ ಕೈಗೇ ಬೇಡಿ ಬಿದ್ದ ಹಾಗಾಯಿತು. ಬೆರಳಿಗೆ ಸೂಜಿ ನಾಟಿ, ಕೊನೆಯ ಅಕ್ಷರದ ಕೆಂಪು ಎಲ್ಲ ದಾರದ್ದೇ ಎಂದು ಹೇಳಲು ಬಾರದು. ಅವರು ಹೊಲಿಯುವಾಗ ಪುಟ್ಟಿ ಎದುರಿಗೇ ಕೂತು ತನ್ನ ಶಿಕ್ಷೆಯ ತೀರ್ಪನ್ನು ನೋಡುತ್ತಿತ್ತು. ಅದಕ್ಕೆ ಓದಲು ಬರುವುದಿಲ್ಲ ಎನ್ನುವುದೊಂದೇ ಸಮಾಧಾನ.

ಮುಂದಿನ ತಿಂಗಳು, ನನ್ನ ಪ್ಯಾಂಟಿನ ಸೊಂಟ ಬಿಚ್ಚಿಸಲು ನಾನು ಅಂಗಡಿಯಲ್ಲಿ ಕೂತಿದ್ದಾಗ ಟೀಚರ್ ಒಳಗೆ ಬಂದರು. ಕೈಯಲ್ಲಿ ಕೊರಳಪಟ್ಟಿ. ಪುಟ್ಟಿ ಕೆರೆದೂ ಕೆರೆದೂ ಹೊಲಿಗೆ ಬಿಚ್ಚಿಹೋಗಿತ್ತು. ಮಡಿಕೆಯೊಳಗಿಂದ ಒಂದು ಬೆರಳುದ್ದ ಹೊಸ ಬಟ್ಟೆ ಇಣುಕುತ್ತಿತ್ತು.

"ಇದೇನು ಮಾಸ್ಟ್ರೇ?"

ಮಾಸ್ಟರ್ ಯೋಚಿಸದೆ ಹೇಳಿಬಿಟ್ಟರು. "ಮಾರ್ಜಿನ್ ಟೀಚರ್."

"ಯಾತಕ್ಕೆ?"

"ಬೆಳೆಯೋರಿಗೆ..."

ಅಷ್ಟಕ್ಕೇ ಅವರ ಬಾಯಿ ಹೊಲಿದ ಹಾಗಾಯಿತು. ನಾನು ನಗು ತಡೆದುಕೊಳ್ಳಲು ಕನ್ನಡಿ ನೋಡಿದೆ; ಅದರಲ್ಲಿ ನನ್ನ ಹೊಟ್ಟೆ ಮಾತ್ರ ನಗುತ್ತಿತ್ತು.

"ಅದು ಮುದಿಬೆಕ್ಕು ಮಾಸ್ಟ್ರೇ. ಸಣ್ಣಗಾಗ್ಲಿ ಅಂತ ನಾನು ಅರೆಹೊಟ್ಟೆ ಇಟ್ಟಿದ್ದೀನಿ. ಅದು ದಪ್ಪ ಆಗುತ್ತೆ ಅಂತ ನಿಮಗೆ ಮೊದ್ಲೇ ಹೇಗೆ ಗೊತ್ತಿತ್ತು?"

ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಮಾಸ್ಟರ್ ತಲೆ ತಗ್ಗಿಸಿದರು. "ಬೇಕರಿಯವನಲ್ಲ ಟೀಚರ್. ನಾನೇ. ದಿನಾ ಮಧ್ಯಾಹ್ನ ನನ್ನ ಡಬ್ಬಿ ಅದಕ್ಕಿಟ್ಟು, ನಾನು ಬೇಕರೀಲಿ ಬನ್ ತಿಂತಿದ್ದೆ. ವಕೀಲಮ್ಮ ಬಯ್ದು ಹೋದ್ರಲ್ಲ, ಅವತ್ತೂ ಅದು ಈ ಮೇಜಿನ ಕೆಳಗೇ ಇತ್ತು."

ಟೀಚರ್ ಸ್ಟೂಲಿನ ಮೇಲೆ ಕುಸಿದರು. "ನಿನ್ನೆ ತೂಕ ನೋಡಿ ಡಾಕ್ಟ್ರು ನನಗೇ ಬಯ್ದ್ರು. 'ನೀವೇ ಕದ್ದು ಹಾಕಿ ಸುಳ್ಳು ಹೇಳ್ತೀರಿ' ಅಂದ್ರು. ಮನೆಗೆ ಬಂದು ಅದನ್ನ ಅಪ್ಪಿಕೊಂಡು ಅತ್ತೆ ಕಣ್ರೀ. ನಾನು ಸಾಕಿದ್ದೇ ತಪ್ಪೇನೋ, ನನ್ನ ಕೈಯಲ್ಲೇ ಅದು ಸಾಯುತ್ತೇನೋ ಅನ್ನಿಸಿಬಿಡ್ತು."

ಮಾಸ್ಟರ್ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ನನ್ನ ಪ್ಯಾಂಟು, ನಾನು ಸುಮ್ಮನಿದ್ದೆ. "ತಪ್ಪಾಯ್ತು ಟೀಚರ್. ನಾಳೆಯಿಂದ ಒಂದು ಅಗುಳೂ ಇಲ್ಲ. ಬೇಕರಿಯವನ ಹತ್ರ ಈಗಲೇ ಹೋಗಿ ನಾನೇ ಹೇಳ್ತೀನಿ."

ಎಷ್ಟಾದರೂ ಜೀವನವೆಲ್ಲ ಮಕ್ಕಳ ತಪ್ಪು ತಿದ್ದಿದವರು ಟೀಚರ್. ಒಪ್ಪಿಕೊಂಡ ತಪ್ಪಿನ ಮುಂದೆ ಅವರ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೊರಳಪಟ್ಟಿಯನ್ನು ನಿಧಾನವಾಗಿ ಮಡಿಸುತ್ತಾ, ಮೆತ್ತಗಿನ ದನಿಯಲ್ಲಿ ಕೇಳಿದರು:

"ನಿಮ್ಮ ಊಟ ಅದಕ್ಕೆ ಹಾಕಿ ನೀವು ಬರೀ ಬನ್ ತಿಂದ್ಕೊಂಡಿದ್ರಾ? ಅಷ್ಟೊಂದು ಪ್ರೀತಿನಾ ಮಾಸ್ಟ್ರೇ ನಿಮಗೆ, ನನ್ನ ಪುಟ್ಟಿ ಮೇಲೆ?"

ಮಾಸ್ಟರ್ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಪ್ರೀತಿ ಗೀತಿ ಏನಿಲ್ಲ ಟೀಚರ್. ಬಿ.ಪಿ. ಅಂತ ನಮ್ಮನೆಯವಳು ಮೀನಿಗೆ ಉಪ್ಪೇ ಹಾಕಲ್ಲ. ಡಬ್ಬಿ ಖಾಲಿಯಾಗದೆ ಮನೆಗೆ ಹೋದ್ರೆ ಬಯ್ತಾಳೆ."