ಘಾಲಾದ ವೆಲ್ಡರ್ ಯಾರೊಡನೆ ಮಾತಾಡುತ್ತಿದ್ದ

ತೊಂಬತ್ತರ ದಶಕದ ಆರಂಭ. ಗಲ್ಫಿನಲ್ಲಿ, ಅಲ್ ಖುವೈರ್‌ನ ಫ್ಲಾಟಿನಲ್ಲಿ ಗಂಡನಿಗೆ ಚಪಾತಿ ಮುಚ್ಚಿಟ್ಟು ನಾನು ಸಂಜೆ ಕಾಲೇಜಿಗೆ ಓಡುತ್ತಿದ್ದೆ. ಮಾನಸಿಕ ಮತ್ತು ಸಾಮಾಜಿಕ ಆರೋಗ್ಯ ಸೇವೆಯ ಕೋರ್ಸು. "ಮೊದಲೇ ಊರವರಿಗೆಲ್ಲ ಬಿಟ್ಟಿ ಬುದ್ಧಿ ಹೇಳ್ತಿ. ಇನ್ನು ಸರ್ಟಿಫಿಕೇಟೂ ಸಿಕ್ಕಿದ್ರೆ ದೇವರೇ ಗತಿ ಮಾರಾಯ್ತಿ," ಎಂದು ಅವರು ನಗುತ್ತಿದ್ದರು.

ಎರಡನೇ ಟರ್ಮಿನಲ್ಲಿ ಕಾರ್ಖಾನೆಗಳ ಪ್ರದೇಶವಾದ ಘಾಲಾದ ಒಂದು ಗ್ಯಾರೇಜಿನವರು ನಮ್ಮ ಕೋರ್ಸಿನ ಟೀಚರಮ್ಮನ ಸಹಾಯ ಕೇಳಿದರು. ಅಲ್ಲಿ ಕಾರ್ಕಳ ಕಡೆಯ ಒಬ್ಬ ವೆಲ್ಡರ್ ಇದ್ದ. ನನಗೆ ತುಳು ಬರುತ್ತದೆಂದು ನನ್ನನ್ನೇ ಕಳಿಸಿದರು.

"ಇಸ್ಕಾ ದಿಮಾಗ್ ಖಲಾಸ್, ಮೇಡಂ," ಎಂದ ಫೋರ್‌ಮನ್, ಇವನ ತಲೆ ಕೆಟ್ಟಿದೆಯೆಂದು. ರೂಮಿನಲ್ಲಿ ಒಬ್ಬನೇ ಕೂತು ಮಾತಾಡುತ್ತಾನಂತೆ, ಯಾರಾದರೂ ಬಂದರೆ ಬಾಯಿ ಮುಚ್ಚುತ್ತಾನಂತೆ. ಕಾಯಿಲೆಯೆಂದು ವರದಿ ಬಂದರೆ ಟಿಕೆಟ್ ಕೊಟ್ಟು ಊರಿಗೆ ಅಟ್ಟುವುದೆಂದು ಕಂಪನಿ ತೀರ್ಮಾನಿಸಿತ್ತು.

ನನ್ನ ಮುಂದೆಯೂ ಅವನು ಬಾಯಿ ಬಿಡಲಿಲ್ಲ. ನಾನೇ ಅರ್ಧ ಗಂಟೆ ಉಪದೇಶ ಮಾಡಿ, ಮನೆಗೆ ಬಂದು, ಪುಸ್ತಕ ತೆರೆದು ಮೂರು ಪುಟ ಬರೆದೆ. ಇಲ್ಲದ ದನಿಗಳು ಕೇಳಿಸುತ್ತಿವೆ, ಕೆಲಸಕ್ಕೆ ತಕ್ಕವನಲ್ಲ ಎಂದೆಲ್ಲ. ಅಬ್ಬಾ, ಎಷ್ಟು ಜಂಭ ನನಗೆ!

ಟೀಚರಮ್ಮ ಓದಿದರು. ಸಹಿ ಹಾಕಲಿಲ್ಲ.

"ಯಾರ ಜೊತೆ ಮಾತಾಡ್ತಾನೆ ಅಂತ ಅವನನ್ನೇ ಕೇಳಿದ್ರಾ?"

ಕೇಳಿರಲಿಲ್ಲ.

ಶುಕ್ರವಾರದ ರಜೆಯ ದಿನ ಗಂಡನ ಕೈಲಿ ಕಾರು ಓಡಿಸಿಕೊಂಡು ಮತ್ತೆ ಘಾಲಾಕ್ಕೆ ಹೋದೆ. ಈ ಸಲ ಒಂದೇ ಪ್ರಶ್ನೆ ಕೇಳಿ, ತುಟಿ ಕಚ್ಚಿಕೊಂಡು ಕೂತೆ. ಸುಮ್ಮನಿರುವುದು ನನಗೆ ಎಷ್ಟು ಕಷ್ಟವೆಂದು ನನ್ನ ಮನೆಯವರಿಗೇ ಗೊತ್ತು.

ಕೊನೆಗೆ ಅವನು ನೆಲ ನೋಡುತ್ತ ಹೇಳಿದ: "ಮಗಳ ಹತ್ರ, ಅಕ್ಕ. ಅವಳಿಗೆ ಎರಡು ವರ್ಷ. ನಾನು ನೋಡ್ಲೇ ಇಲ್ಲ. ಈ ಸಲ ಕ್ಯಾಸೆಟ್‌ನಲ್ಲಿ ಅವಳ ಹತ್ರವೂ ನಾಲ್ಕು ಮಾತಾಡಿ ಅಂತ ಹೆಂಡ್ತಿ ಹೇಳಿದ್ದಾಳೆ. ಬಟನ್ ಒತ್ತಿದ್ರೆ ಮಾತೆಲ್ಲ ಮರ್ತು ಹೋಗ್ತದೆ. ಹಾಗೆ ಮೊದ್ಲು ಬಾಯಿಪಾಠ ಮಾಡುದು."

ಆಗೆಲ್ಲ ಗಲ್ಫಿನಲ್ಲಿದ್ದ ನಾವು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಗೆ ಹೋಗುವವರ ಕೈಯಲ್ಲಿ ಊರಿಗೆ ಕಳಿಸುತ್ತಿದ್ದೆವು. ನಾನೂ ಅಮ್ಮನಿಗೆ ಎಷ್ಟೋ ಕಳಿಸಿದ್ದೆ. ಯಂತ್ರದೆದುರು ಮಾತಾಡುವವರನ್ನು ಯಾರೂ ಹುಚ್ಚರೆನ್ನಲಿಲ್ಲ. ಇವನೆದುರು ಯಂತ್ರವಿರಲಿಲ್ಲ, ಅಷ್ಟೇ.

"ಎಂತ ಹೇಳ್ತೀರಿ ಅವಳಿಗೆ?"

"ಬಾವಿ ಹತ್ರ ಹೋಗ್ಬೇಡ ಮಗಾ ಅಂತ," ಎಂದ. "ಮತ್ತೆ ಎಂತ ಹೇಳುದು ಅಂತ ಗೊತ್ತಾಗುದಿಲ್ಲ."

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಬರೆದದ್ದನ್ನು ಹರಿದು ಹಾಕಿ, ಅರ್ಧ ಪುಟದ ಹೊಸ ವರದಿ ಬರೆದೆ. ಟೀಚರಮ್ಮ ಸಹಿ ಹಾಕಿದರು. ಘಾಲಾಕ್ಕೆ ಒಯ್ದು ತೋರಿಸಿದಾಗ ಫೋರ್‌ಮನ್ ಅದನ್ನು ಓದಿ ಪೆಚ್ಚಾಗಿ ನಕ್ಕ. "ಬೇಟಿ ಸೇ? ಫಿರ್ ಠೀಕ್ ಹೈ. ಯಲ್ಲಾ, ಕಾಮ್ ಪೇ ಜಾ!" ಮಗಳ ಜೊತೆಯಾದರೆ ಸರಿ, ನಡಿ ಕೆಲಸಕ್ಕೆ ಎಂದು ವೆಲ್ಡರನ ಬೆನ್ನು ತಟ್ಟಿ ಹೋದ.

ವೆಲ್ಡರ್ ಕೆಲಸಕ್ಕೆ ಹೋಗಲಿಲ್ಲ. ನನ್ನ ಹತ್ತಿರ ಬಂದು ನನ್ನ ಕೈಯಲ್ಲಿದ್ದ ಆ ಕಾಗದವನ್ನೇ ನೋಡುತ್ತ ನಿಂತ.

"ಅಕ್ಕ, ನಂಗೆ ಹುಚ್ಚು ಇಲ್ಲ ಅಂತ ಅದ್ರಲ್ಲಿ ಬರ್ದು ಉಂಟಾ?"

"ಉಂಟು," ಎಂದು ಆ ಸಾಲನ್ನು ಓದಿ ಹೇಳಿದೆ.

"ನಂಗೂ ಹೆದ್ರಿಕೆ ಆಗಿತ್ತು," ಎಂದ. "ಆ ಜಾಗ ಇನ್ನೊಂದ್ಸಲ ಓದಿ ಅಕ್ಕ."